ಬಿರುಗಾಳಿಯ ಮುನ್ಸೂಚನೆ: 1948ರ ಒಂದು ವಾರ

ಮುಂದೆ ಬರುವ ಮಳೆಗಾಳಿಗಳನ್ನು ಮೊದಲೇ ಅರಿಯಬೇಕೆಂಬ ಆಸೆ ಮನುಷ್ಯನಿಗೆ ಬೇಸಾಯದಷ್ಟೇ ಹಳೆಯದು. ಯುಗಾದಿಯ ದಿನ ಪಂಚಾಂಗಶ್ರವಣಕ್ಕೆ ಕುಳಿತವರು ಆ ವರ್ಷದ ಮೇಘಾಧಿಪತಿ ಯಾರೆಂದು ಕುತೂಹಲದಿಂದ ಕೇಳುತ್ತಾರೆ. ನಮ್ಮ ರೈತರು ಅಶ್ವಿನಿ, ಭರಣಿ, ಕೃತ್ತಿಕೆ ಎಂದು ಮಳೆಯ ನಕ್ಷತ್ರಗಳನ್ನು ಎಣಿಸಿ ಉಳುಮೆ ಬಿತ್ತನೆಗಳ ಕಾಲವನ್ನು ಗೊತ್ತುಮಾಡಿಕೊಂಡು ಬಂದಿದ್ದಾರೆ. ಶಿವರಾತ್ರಿ ಕಳೆದು ಬಿಸಿಲು ಏರಿದಮೇಲೆ ಒಂದು ಸಂಜೆ ಇದ್ದಕ್ಕಿದ್ದಂತೆ ಮೋಡ ಕವಿದು, ಗುಡುಗು ಆಲಿಕಲ್ಲುಗಳೊಡನೆ ಮಾವಿನ ಮಳೆ ಸುರಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಮಳೆ ಬರುವುದೆಂದು ಹಿಂದಿನ ದಿನ ವರ್ತಮಾನ ಕೊಟ್ಟವರನ್ನು ನಾವು ಹೊಗಳುವುದು ಅಪರೂಪ. ವರ್ತಮಾನ ಕೊಟ್ಟು ಮಳೆ ಬಾರದೆ ಹೋದರೆ ನಗುವುದು ಮಾತ್ರ ಸಾಮಾನ್ಯ.

ಈ ನಗುವಿನ ಹಿಂದೆ ಒಂದು ಗಂಭೀರವಾದ ಪ್ರಶ್ನೆ ಅಡಗಿದೆ. ಅಪಾಯ ಬರಬಹುದೆಂದು ಒಬ್ಬನಿಗೆ ತೋರುತ್ತದೆ. ಆದರೆ ಬಂದೇ ಬರುವುದೆಂಬ ನಿಶ್ಚಯವಿಲ್ಲ. ಅಂಥವನು ಮಾತನಾಡಬೇಕೆ, ಸುಮ್ಮನಿರಬೇಕೆ? ಮಾತನಾಡಿ ಸುಳ್ಳಾದರೆ ಜನರು ಮತ್ತೊಮ್ಮೆ ನಂಬುವುದಿಲ್ಲ. ಸುಮ್ಮನಿದ್ದು ಅಪಾಯ ಬಂದರೆ ಜನರು ಸಾಯುತ್ತಾರೆ. ಈ ಪ್ರಶ್ನೆ ಇತಿಹಾಸದಲ್ಲಿ ಅತ್ಯಂತ ಸ್ಪಷ್ಟವಾಗಿ ಎದ್ದು ನಿಂತದ್ದು 1948ನೆಯ ಇಸವಿಯ ಮಾರ್ಚಿ ತಿಂಗಳಿನಲ್ಲಿ, ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಸೇರಿದ ಒಕ್ಲಹೋಮ ಪ್ರಾಂತದಲ್ಲಿ. ಅಲ್ಲಿ ಐದು ದಿನಗಳ ಅಂತರದಲ್ಲಿ ಒಂದೇ ಸ್ಥಳಕ್ಕೆ ಎರಡು ಸಲ ಸುಂಟರಗಾಳಿ ಬಡಿಯಿತು. ಮೊದಲನೆಯದನ್ನು ಯಾರೂ ಮುಂದಾಗಿ ತಿಳಿಸಲಿಲ್ಲ. ಎರಡನೆಯದನ್ನು ಇಬ್ಬರು ಅಧಿಕಾರಿಗಳು ಮೂರು ಗಂಟೆಗಳ ಮುಂಚೆ ತಿಳಿಸಿದರು. ಆ ವಾರದ ವೃತ್ತಾಂತವನ್ನೂ ಅದರ ಹಿಂದು ಮುಂದುಗಳನ್ನೂ ಇಲ್ಲಿ ವಿಚಾರಮಾಡೋಣ.

ಮೊದಲು ಆ ಗಾಳಿಯ ಸ್ವರೂಪವನ್ನು ತಿಳಿದುಕೊಳ್ಳಬೇಕು. ಅದನ್ನು ಆ ದೇಶದವರು ಟಾರ್ನೆಡೋ ಎನ್ನುತ್ತಾರೆ. ನಮ್ಮ ಪೂರ್ವ ಸಮುದ್ರದಲ್ಲಿ ಏಳುವ ಚಂಡಮಾರುತಕ್ಕೂ ಇದಕ್ಕೂ ಬಹಳ ಅಂತರ. ಚಂಡಮಾರುತವು ನೂರಾರು ಮೈಲಿ ವಿಸ್ತಾರವುಳ್ಳದ್ದು. ಹಲವು ದಿನ ಸಮುದ್ರದ ಮೇಲೆ ಸಂಚರಿಸಿ ದಡಕ್ಕೆ ಬರುತ್ತದೆ. ಟಾರ್ನೆಡೋ ಗುಡುಗಿನ ಮೋಡದ ಅಡಿಯಿಂದ ಆನೆಯ ಸೊಂಡಿಲಿನಂತೆ ನೆಲಕ್ಕೆ ಇಳಿಯುತ್ತದೆ. ಅದರ ಅಗಲ ಸಾಮಾನ್ಯವಾಗಿ ಕೆಲವು ನೂರು ಗಜ, ಆಯುಸ್ಸು ಬಹುಮಟ್ಟಿಗೆ ಕೆಲವು ನಿಮಿಷ. ಆದರೆ ಅದು ಹಾದುಹೋದ ಕಡೆ ಮನೆಯ ಗೋಡೆಗಳೂ ನಿಲ್ಲುವುದಿಲ್ಲ. ಒಂದು ಬೀದಿ ನಾಶವಾಗಿ ಪಕ್ಕದ ಬೀದಿ ಹಾಗೆಯೇ ಉಳಿದ ಉದಾಹರಣೆಗಳು ಎಷ್ಟೋ ಇವೆ.

ಒಕ್ಲಹೋಮದಲ್ಲಿಯೇ ಇದು ಹೆಚ್ಚಾಗಿರುವುದಕ್ಕೆ ಭೂಮಿಯ ಸನ್ನಿವೇಶವೇ ಕಾರಣ. ದಕ್ಷಿಣದಲ್ಲಿ ಮೆಕ್ಸಿಕೋ ಕೊಲ್ಲಿಯ ಬೆಚ್ಚನೆಯ ನೀರು. ಪಶ್ಚಿಮದಲ್ಲಿ ರಾಕಿ ಪರ್ವತಗಳೂ ಒಣಗಿದ ಎತ್ತರದ ಬಯಲುಗಳೂ. ಉತ್ತರದಲ್ಲಿ ಕೆನಡದವರೆಗೆ ತಡೆಯಿಲ್ಲದ ಬಯಲು. ವಸಂತದ ಆರಂಭದಲ್ಲಿ ಕೊಲ್ಲಿಯ ತೇವದ ಗಾಳಿ ನೆಲದ ಮಟ್ಟದಲ್ಲಿ ಉತ್ತರಕ್ಕೆ ಹರಿಯುತ್ತದೆ. ಅದರ ಮೇಲೆ ಪಶ್ಚಿಮದ ಒಣಗಾಳಿ ಪಾತ್ರೆಯ ಮೇಲಿನ ಮುಚ್ಚಳದಂತೆ ಹರಡಿಕೊಳ್ಳುತ್ತದೆ. ಇನ್ನೂ ಮೇಲೆ ಚಳಿಗಾಲದ ತಂಪು ಹೋಗಿರುವುದಿಲ್ಲ, ಗಾಳಿಯ ವೇಗವೂ ಅಲ್ಲಿ ಬಹಳ. ಪಶ್ಚಿಮದಿಂದ ಬರುವ ಶೀತಗಾಳಿಯ ಅಂಚು ಕೆಳಗಿನ ತೇವದ ಗಾಳಿಯನ್ನು ಎತ್ತಿದಾಗ ಆ ಮುಚ್ಚಳ ಒಡೆಯುತ್ತದೆ. ತಡೆದು ನಿಂತಿದ್ದ ಶಾಖವೆಲ್ಲಾ ಒಮ್ಮೆಗೇ ಮೇಲಕ್ಕೆ ನುಗ್ಗಿ ಮಹಾಮೇಘಗಳು ಏಳುತ್ತವೆ. ಎತ್ತರಕ್ಕೆ ಹೋದಂತೆ ಗಾಳಿಯ ದಿಕ್ಕೂ ವೇಗವೂ ಬದಲಾಗುತ್ತಿದ್ದರೆ ಏರುವ ಗಾಳಿ ಸುತ್ತತೊಡಗುತ್ತದೆ. ಇಂಥ ಮೋಡಗಳಲ್ಲಿ ಕೆಲವು ಮಾತ್ರ ಟಾರ್ನೆಡೋವನ್ನು ಹೆರುತ್ತವೆ.

ಇದು ಅಮೆರಿಕಕ್ಕೆ ಮಾತ್ರ ಸೇರಿದ್ದೆಂದು ಭಾವಿಸಬಾರದು. ಬಂಗಾಳದಲ್ಲಿ ಚೈತ್ರ ವೈಶಾಖಗಳಲ್ಲಿ ಏಳುವ ಕಾಲಬೈಶಾಖಿ ಎಂಬ ಬಿರುಗಾಳಿಗೂ ಇಂಥದೇ ಕಾರಣ: ಕೆಳಗೆ ಸಮುದ್ರದ ತೇವದ ಗಾಳಿ, ಮೇಲೆ ವಾಯವ್ಯದ ಒಣಗಾಳಿ. 1989ನೆಯ ಇಸವಿ ಏಪ್ರಿಲ್ 26ರಂದು ಬಾಂಗ್ಲಾದೇಶದ ದೌಲತ್‌ಪುರ, ಸಾಟುರಿಯಾ ಪ್ರದೇಶಗಳಿಗೆ ಬಡಿದ ಸುಂಟರಗಾಳಿಯಲ್ಲಿ ಸುಮಾರು 1300 ಮಂದಿ ಸತ್ತರೆಂದು ಎಣಿಕೆ. ಟಾರ್ನೆಡೋಗಳ ಚರಿತ್ರೆಯಲ್ಲಿ ಇದಕ್ಕಿಂತ ಹೆಚ್ಚು ಪ್ರಾಣಗಳನ್ನು ತೆಗೆದದ್ದು ಮತ್ತೊಂದಿಲ್ಲವೆಂದು ಹೇಳುತ್ತಾರೆ.

ಈಗ ಮುನ್ಸೂಚನೆಯ ಹಳೆಯ ಕಥೆಗೆ ಬರೋಣ. ತಂತಿವರ್ತಮಾನ ಬರುವುದಕ್ಕೆ ಮುಂಚೆ ಗಾಳಿಯನ್ನು ಮುಂದಾಗಿ ಹೇಳುವ ಮಾರ್ಗವೇ ಇರಲಿಲ್ಲ. ಬಿರುಗಾಳಿಗಿಂತ ವೇಗವಾಗಿ ಸುದ್ದಿ ಹೋಗಬಲ್ಲದಾದರೆ ಮಾತ್ರ ಎಚ್ಚರಿಕೆ ಸಾಧ್ಯ. ಇಂಗ್ಲೆಂಡಿನಲ್ಲಿ 1859ರ ಅಕ್ಟೋಬರಿನಲ್ಲಿ ರಾಯಲ್ ಚಾರ್ಟರ್ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ಒಡೆದು 400ಕ್ಕೂ ಹೆಚ್ಚು ಮಂದಿ ಮುಳುಗಿದರು. ಆಮೇಲೆ, ಹಿಂದೆ ಡಾರ್ವಿನನನ್ನು ಬೀಗಲ್ ಹಡಗಿನಲ್ಲಿ ಕರೆದೊಯ್ದಿದ್ದ ರಾಬರ್ಟ್ ಫಿಟ್ಸ್‌ರಾಯ್ ಎಂಬ ನೌಕಾಧಿಕಾರಿ 1861ರ ಫೆಬ್ರುವರಿಯಲ್ಲಿ ರೇವುಗಳಿಗೆ ತಂತಿಯ ಮೂಲಕ ಬಿರುಗಾಳಿಯ ಎಚ್ಚರಿಕೆ ಕೊಡಲು ಮೊದಲುಮಾಡಿದನು. ಅದೇ ವರ್ಷ ಆಗಸ್ಟಿನಿಂದ ವೃತ್ತಪತ್ರಿಕೆಯಲ್ಲಿ ದಿನದಿನದ ಹವಾ ಮುನ್ಸೂಚನೆ ಅಚ್ಚಾಗತೊಡಗಿತು. ತಾನು ಹೇಳುತ್ತಿರುವುದು ಭವಿಷ್ಯವಾಣಿಯಲ್ಲ, ಲೆಕ್ಕದಿಂದ ಬಂದ ಅಭಿಪ್ರಾಯ ಮಾತ್ರ ಎಂದು ಫಿಟ್ಸ್‌ರಾಯ್ ಸ್ಪಷ್ಟವಾಗಿ ಹೇಳಿದ್ದನು. ಆದರೂ ತಪ್ಪಿದಾಗಲೆಲ್ಲಾ ಹಾಸ್ಯ, ಆಕ್ಷೇಪಣೆ. 1865ರಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡನು. ಮರುವರ್ಷ ಪಂಡಿತರ ಸಮಿತಿಯೊಂದರ ವಿಮರ್ಶೆಯಾದಮೇಲೆ ಎಚ್ಚರಿಕೆಗಳೂ ನಿಂತವು. ಆಗ ಅವು ಬೇಕೆಂದು ಕೇಳಿದವರು ಪಂಡಿತರಲ್ಲ, ಸಮುದ್ರವನ್ನೇ ನಂಬಿ ಬಾಳುವವರು. 1867ರಲ್ಲಿ ಬಿರುಗಾಳಿಯ ಎಚ್ಚರಿಕೆಗಳು ಮತ್ತೆ ಆರಂಭವಾದವು. ದಿನದ ಮುನ್ಸೂಚನೆಗಳು ಮಾತ್ರ 1879ರವರೆಗೆ ಕಾಯಬೇಕಾಯಿತು.

ಅಮೆರಿಕದಲ್ಲಿ ಈ ಕೆಲಸ 1870ರಲ್ಲಿ ಸೈನ್ಯದ ಸಿಗ್ನಲ್ ಇಲಾಖೆಗೆ ಸೇರಿತು. ಆ ಇಲಾಖೆಯಲ್ಲಿದ್ದ ಜಾನ್ ಫಿನ್ಲಿ ಎಂಬ ತರುಣನು ಆರುನೂರು ಟಾರ್ನೆಡೋಗಳ ವಿವರಗಳನ್ನು ಕಲೆಹಾಕಿ, ಅವು ಹುಟ್ಟುವ ಸಂದರ್ಭಗಳಲ್ಲಿ ಏನಾದರೂ ನಿಯಮವುಂಟೆ ಎಂದು ಶೋಧಿಸಿದನು. 1884ರ ಮಾರ್ಚಿಯಿಂದ ಅವನು ರಾಕಿ ಪರ್ವತಗಳ ಪೂರ್ವದ ನಾಡನ್ನು ವಿಭಾಗಗಳಾಗಿ ಹಂಚಿಕೊಂಡು, ಯಾವ ವಿಭಾಗದಲ್ಲಿ ಟಾರ್ನೆಡೋ ಸಂಭವವುಂಟು, ಯಾವುದರಲ್ಲಿಲ್ಲ ಎಂದು ಪರೀಕ್ಷಾರ್ಥವಾಗಿ ಹೇಳತೊಡಗಿದನು. ಮೂರು ತಿಂಗಳಲ್ಲಿ ಅವನು ಹೇಳಿದ ಮಾತುಗಳು 2803. ಅವುಗಳಲ್ಲಿ ನೂರಕ್ಕೆ 96.6ರಷ್ಟು ಸರಿಯಾದವೆಂದು ಲೆಕ್ಕ ಬಂದಿತು.

ಈ ಲೆಕ್ಕವನ್ನು ಕಂಡು ಗಿಲ್ಬರ್ಟ್ ಎಂಬ ಪ್ರಸಿದ್ಧ ಭೂವಿಜ್ಞಾನಿ ಒಂದು ಆಕ್ಷೇಪಣೆ ಎತ್ತಿದನು. ಅದು ಇಂದಿಗೂ ಲೆಕ್ಕಶಾಸ್ತ್ರದ ವಿದ್ಯಾರ್ಥಿಗಳಿಗೆ ಪಾಠವಾಗಿದೆ. ಟಾರ್ನೆಡೋ ಅಪರೂಪವಾದದ್ದು. ಒಬ್ಬನು ಯಾವ ನಕ್ಷೆಯನ್ನೂ ನೋಡದೆ, ಪ್ರತಿದಿನವೂ ಪ್ರತಿಯೊಂದು ವಿಭಾಗಕ್ಕೂ ಬರುವುದಿಲ್ಲ ಎಂದೇ ಹೇಳುತ್ತಾ ಹೋಗಿದ್ದರೆ ಅವನ ಮಾತು ನೂರಕ್ಕೆ 98.2ರಷ್ಟು ಸರಿಯಾಗುತ್ತಿತ್ತು! ಶಾಸ್ತ್ರಜ್ಞನಿಗಿಂತ ಏನೂ ಅರಿಯದವನೇ ಮೇಲಾದಂತಾಯಿತು. ಗಿಲ್ಬರ್ಟನ ಗಣಿತದಲ್ಲಿ ದೋಷವಿಲ್ಲ. ಆದರೆ ಫಿನ್ಲಿಯ ಅಂಕಿಗಳನ್ನು ಇನ್ನೊಂದು ರೀತಿಯಿಂದಲೂ ಓದಬಹುದು. ಆ ಮೂರು ತಿಂಗಳಲ್ಲಿ ಟಾರ್ನೆಡೋ ಬಂದ ಸಂದರ್ಭಗಳು 51. ಅವುಗಳಲ್ಲಿ 28ನ್ನು ಫಿನ್ಲಿ ಮುಂದಾಗಿ ಹೇಳಿದ್ದನು, 23 ತಪ್ಪಿಹೋದವು. ಬರುವುದೆಂದು ಹೇಳಿ ಬಾರದೆ ಹೋದವು 72. ಏನೂ ಅರಿಯದವನು 51ರಲ್ಲಿ ಒಂದನ್ನೂ ಹೇಳುತ್ತಿರಲಿಲ್ಲ. ಬರುವುದಿಲ್ಲ ಎಂಬ ಮಾತು ಸರಿಯಾದಾಗ ಯಾರಿಗೂ ಲಾಭವಿಲ್ಲ. ಬರುವುದು ಎಂಬ ಮಾತು ಸರಿಯಾದಾಗ ಒಂದು ಊರು ಉಳಿಯಬಹುದು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯೆ ಎಂಬುದೇ ಪ್ರಶ್ನೆ.

ಮೇಲಧಿಕಾರಿಗಳು ಈ ಪ್ರಶ್ನೆಯನ್ನು ಬೇರೆ ವಿಧವಾಗಿ ಬಗೆಹರಿಸಿದರು. 1880ರ ದಶಕ ಮುಗಿಯುವುದರೊಳಗೆ ಸರಕಾರದ ಹವಾ ವರ್ತಮಾನಗಳಲ್ಲಿ ಟಾರ್ನೆಡೋ ಎಂಬ ಶಬ್ದವನ್ನೇ ಬಳಸಬಾರದೆಂದು ಗೊತ್ತಾಯಿತು. ಗಾಳಿಯಿಂದಾಗುವ ಹಾನಿಗಿಂತ ಅದರ ಹೆಸರು ಕೇಳಿ ಜನರು ಗಾಬರಿಗೊಳ್ಳುವುದರಿಂದಾಗುವ ಹಾನಿಯೇ ಹೆಚ್ಚೆಂಬುದು ಅವರು ಕೊಟ್ಟ ಕಾರಣ. 1891ರಲ್ಲಿ ಹವಾ ಕಾರ್ಯವು ಸೈನ್ಯದಿಂದ ವೆದರ್ ಬ್ಯೂರೋ ಎಂಬ ನಾಗರಿಕ ಇಲಾಖೆಗೆ ಬಂದರೂ ಈ ಪದ್ಧತಿ ಉಳಿಯಿತು. ಅಪಾಯವಿದ್ದಾಗ ತೀವ್ರವಾದ ಬಿರುಗಾಳಿ ಮಳೆ ಬರಬಹುದೆಂದು ಸುತ್ತುಬಳಸಿ ಹೇಳುವುದೇ ರೂಢಿಯಾಯಿತು. ಹೀಗೆ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಆ ದೇಶದ ಅತ್ಯಂತ ಭಯಂಕರವಾದ ಗಾಳಿಗೆ ಸರಕಾರದ ಮುನ್ಸೂಚನೆಯಲ್ಲಿ ಹೆಸರೇ ಇರಲಿಲ್ಲ. ಹೇಳಬಾರದೆಂದಮೇಲೆ ಅದನ್ನು ಹೇಳುವ ವಿದ್ಯೆಯನ್ನು ಬೆಳೆಸುವವರೂ ವಿರಳವಾದರು.

ಆ ಮೌನದ ಬೆಲೆ ಏನೆಂಬುದಕ್ಕೆ ಎರಡು ಉದಾಹರಣೆಗಳು ಸಾಕು. 1925ರ ಮಾರ್ಚಿ 18ರಂದು ಮಿಸೂರಿ, ಇಲಿನಾಯ್, ಇಂಡಿಯಾನಾ ಪ್ರಾಂತಗಳನ್ನು ಒಂದೇ ಟಾರ್ನೆಡೋ ಸುಮಾರು 219 ಮೈಲಿ ಸೀಳಿಕೊಂಡು ಹೋಯಿತು, ಸತ್ತವರು 695. ಶಾಲೆಗಳಲ್ಲಿ ಪಾಠ ನಡೆಯುತ್ತಿದ್ದ ಹೊತ್ತು. ಮಕ್ಕಳಿಗೆ ಯಾವ ಎಚ್ಚರಿಕೆಯೂ ಇರಲಿಲ್ಲ. 1947ರ ಏಪ್ರಿಲ್ 9ರ ರಾತ್ರಿ ಒಕ್ಲಹೋಮದ ವುಡ್‌ವರ್ಡ್ ಊರಿಗೆ ಬಡಿದ ಗಾಳಿ ತನ್ನ ದಾರಿಯಲ್ಲೆಲ್ಲಾ ಸೇರಿ ಸುಮಾರು 180 ಮಂದಿಯನ್ನು ಕೊಂದಿತು. ನಮ್ಮ ಕಥೆಗೆ ಒಂದು ವರ್ಷ ಮಾತ್ರ ಹಿಂದಿನ ಮಾತು ಇದು.

1948ರ ಮಾರ್ಚಿ 20, ಶನಿವಾರ. ಒಕ್ಲಹೋಮ ನಗರದ ಹತ್ತಿರ ಟಿಂಕರ್ ಎಂಬ ದೊಡ್ಡ ವಿಮಾನಸೇನಾ ನೆಲೆಯಿದೆ. ಅಲ್ಲಿಯ ಹವಾ ಕಚೇರಿಯಲ್ಲಿ ಆ ಸಂಜೆ ಪಾಳಿಯಲ್ಲಿದ್ದವನು ಕ್ಯಾಪ್ಟನ್ ರಾಬರ್ಟ್ ಮಿಲ್ಲರ್. ಕ್ಯಾಲಿಫೋರ್ನಿಯದವನಾದ ಅವನು ಆ ನೆಲೆಗೆ ಬಂದು ಮೂರು ವಾರವಾಗಿತ್ತಷ್ಟೆ. ಆ ಬಯಲುಸೀಮೆಯ ವಸಂತದ ಸ್ವಭಾವ ಅವನಿಗೆ ಹೊಸದು. ವಾಷಿಂಗ್ಟನ್ನಿನಿಂದ ಬಂದ ನಕ್ಷೆಗಳನ್ನು ನೋಡಿ ರಾತ್ರಿ ಗಾಳಿ ಜೋರಾಗಿ ಬೀಸುವುದೆಂದೂ ಗುಡುಗು ಮಳೆಯ ಭಯವಿಲ್ಲವೆಂದೂ ಅವನು ಮುನ್ಸೂಚನೆ ಬರೆದನು. ಮೇಲಿನ ವಾಯುಮಂಡಲದ ತೇವವನ್ನು ಆ ನಕ್ಷೆಗಳು ಸರಿಯಾಗಿ ತೋರಿಸಿರಲಿಲ್ಲ. ಒಂಬತ್ತೂವರೆಯ ವೇಳೆಗೆ ನೈಋತ್ಯದಲ್ಲಿ ಮಿಂಚು ಕಾಣಿಸಿತು. ಯುದ್ಧಕಾಲದಲ್ಲಿ ವಿಮಾನಗಳಲ್ಲಿಡುತ್ತಿದ್ದ ರೇಡಾರ್ ಯಂತ್ರವೊಂದನ್ನು ಹವಾ ವೀಕ್ಷಣೆಗಾಗಿ ಮಾರ್ಪಡಿಸಿ ಅಲ್ಲಿಟ್ಟಿದ್ದರು. ಅದರಲ್ಲಿ ಮೋಡಗಳ ಸಾಲು ಸಮೀಪಿಸುವುದು ಕಂಡಿತು. 9 ಗಂಟೆ 52 ನಿಮಿಷಕ್ಕೆ ಏಳು ಮೈಲಿ ದೂರದ ವಿಲ್ ರೋಜರ್ಸ್ ವಿಮಾನನಿಲ್ದಾಣದಿಂದ ಟಾರ್ನೆಡೋ ಬರುತ್ತಿದೆಯೆಂದು ಸುದ್ದಿ ಬಂದಿತು. ಹತ್ತು ಗಂಟೆಯ ಹೊತ್ತಿಗೆ ಅದು ಟಿಂಕರ್ ನೆಲೆಯ ಮೇಲೆಯೇ ಇತ್ತು. ಬಯಲಿನಲ್ಲಿ ನಿಂತಿದ್ದ ವಿಮಾನಗಳು ಒಂದರ ಮೇಲೊಂದು ಬಿದ್ದು ನಜ್ಜುಗುಜ್ಜಾದವು. ವಿಮಾನಗಳಿಗೆ ದಾರಿ ತೋರಿಸುವ ಗೋಪುರದ ಕಿಟಕಿಗಳು ಒಡೆದು ಗಾಜಿನ ಚೂರುಗಳಿಂದ ಅಲ್ಲಿದ್ದವರಿಗೆ ಗಾಯಗಳಾದವು. ನಷ್ಟ ಒಂದು ಕೋಟಿ ಡಾಲರುಗಳಷ್ಟೆಂದು ಅಂದಾಜು.

ಮರುದಿನವೇ ವಾಷಿಂಗ್ಟನ್ನಿನಿಂದ ಸೇನಾಪತಿಗಳ ಮಂಡಲಿಯೊಂದು ವಿಚಾರಣೆಗೆ ಬಂದಿತು. ಅದರ ತೀರ್ಪು ಮಿಲ್ಲರನಿಗೆ ಅನುಕೂಲವಾಗಿಯೇ ಇತ್ತು: ಶಾಸ್ತ್ರದ ಆಗಿನ ಸ್ಥಿತಿಯಲ್ಲಿ ಇಂಥ ಗಾಳಿಯನ್ನು ಮುಂದಾಗಿ ಹೇಳುವುದು ಅಸಾಧ್ಯ, ಇದು ದೈವಾಧೀನ. ಇಂಥ ತೀರ್ಪು ಬಂದಮೇಲೆ ಯಾವ ಅಧಿಕಾರಿಯಾದರೂ ನಿಟ್ಟುಸಿರುಬಿಟ್ಟು ಸುಮ್ಮನಾಗಬಹುದಾಗಿತ್ತು. ಆದರೆ ನೆಲೆಯ ಮುಖ್ಯಾಧಿಕಾರಿಯಾಗಿದ್ದ ಜನರಲ್ ಫ್ರೆಡ್ ಬೋರಮ್ ಅಲ್ಲಿಗೆ ಬಿಡಲಿಲ್ಲ. ಹವಾ ಕಚೇರಿಯ ಮುಖ್ಯಸ್ಥನಾದ ಮೇಜರ್ ಅರ್ನೆಸ್ಟ್ ಫಾಬುಷ್ ಮತ್ತು ಮಿಲ್ಲರ್ ಇಬ್ಬರನ್ನೂ ಕರೆದು, ಟಾರ್ನೆಡೋವನ್ನು ಮುಂದಾಗಿ ಹೇಳುವ ಮಾರ್ಗವುಂಟೆ ಎಂದು ಪರಿಶೋಧಿಸುವಂತೆ ಆಜ್ಞೆ ಮಾಡಿದನು.

ಅವರು ಮೂರು ದಿನ ಹಿಂದಿನ ಟಾರ್ನೆಡೋಗಳ ನಕ್ಷೆಗಳನ್ನೆಲ್ಲಾ ಹರಡಿಕೊಂಡು ಕುಳಿತರು. ಅವರದು ಪೂರ್ತಿ ಹೊಸ ಶೋಧನೆಯಲ್ಲವೆಂಬುದನ್ನು ಇಲ್ಲಿ ಹೇಳಬೇಕು. ವೆದರ್ ಬ್ಯೂರೋವಿನ ಷೋವಾಲ್ಟರ್ ಮತ್ತು ಫುಲ್ಕ್ಸ್ ಎಂಬ ಶಾಸ್ತ್ರಜ್ಞರು 1943ರಲ್ಲಿಯೇ ಟಾರ್ನೆಡೋಗಳ ಕಾಲದ ವಾಯುಮಂಡಲದ ಸ್ಥಿತಿಯನ್ನು ಕುರಿತು ವರದಿ ಬರೆದಿದ್ದರು. ಅದು ಬಹುಮಟ್ಟಿಗೆ ಕಡತದಲ್ಲಿಯೇ ಉಳಿದಿತ್ತು. ಕೆಳಗೆ ತೇವ, ಮೇಲೆ ಒಣಗಾಳಿ, ಎತ್ತರದಲ್ಲಿ ಬಿರುಸಾದ ಗಾಳಿಯ ಹರಿವು, ಎಲ್ಲವನ್ನೂ ಕದಲಿಸುವ ಒಂದು ಅಂಚು: ಇವು ಒಂದೇ ಕಾಲದಲ್ಲಿ ಒಂದೇ ಪ್ರದೇಶದ ಮೇಲೆ ಕೂಡಿದಾಗ ಅಪಾಯವೆಂದು ಇಬ್ಬರಿಗೂ ಮನದಟ್ಟಾಯಿತು. ಬಿಡಿಯಾಗಿ ನೋಡಿದರೆ ಯಾವುದೂ ಹೊಸದಲ್ಲ. ಒಂದು ನಕ್ಷೆಯ ಮೇಲೆ ಎಲ್ಲವನ್ನೂ ಕೂಡಿಸಿ, ಅವು ಸೇರುವ ಪ್ರದೇಶವನ್ನು ಮುಂಚಿತವಾಗಿ ಗುರುತಿಸಬಹುದೆಂಬುದೇ ಹೊಸದು.

ಮಾರ್ಚಿ 25, ಗುರುವಾರ. ಬೆಳಗಿನ ನಕ್ಷೆ ಸಿದ್ಧವಾದಾಗ ಇಬ್ಬರೂ ಬೆರಗಾದರು. ಅದು 20ರ ನಕ್ಷೆಯನ್ನೇ ಬಹಳವಾಗಿ ಹೋಲುತ್ತಿತ್ತು. ವಿಷಯವನ್ನು ಜನರಲ್‌ಗೆ ತಿಳಿಸಿದರು. ಸಂಜೆ ಐದರಿಂದ ಆರು ಗಂಟೆಯವರೆಗೆ ತೀವ್ರವಾದ ಗುಡುಗುಮಳೆ ಬರುವುದೆಂದು ಎಚ್ಚರಿಕೆ ಹೊರಟಿತು. ಮಧ್ಯಾಹ್ನ ರೇಡಾರ್‌ನಲ್ಲಿ ಪಶ್ಚಿಮದ ಕಡೆ ಮೋಡಗಳ ಸಾಲು ಏಳುತ್ತಿರುವುದು ಕಂಡಿತು. ಜನರಲ್ ಮತ್ತೆ ಬಂದು, ಟಾರ್ನೆಡೋ ಬರುವುದೆಂದು ಹೇಳುವಿರಾ ಎಂದು ನೇರವಾಗಿ ಕೇಳಿದನು. ಇಬ್ಬರೂ ಹಿಂಜರಿದರು. ಹಿಂಜರಿಕೆ ಸಹಜವೇ ಆಗಿತ್ತು. ಒಂದೇ ಸ್ಥಳಕ್ಕೆ ಐದು ದಿನಗಳಲ್ಲಿ ಎರಡನೆಯ ಸಲ ಟಾರ್ನೆಡೋ ಬಡಿಯುವ ಸಂಭವ ಎರಡು ಕೋಟಿಗೆ ಒಂದಕ್ಕಿಂತಲೂ ಕಡಿಮೆಯೆಂದು ತಾವು ಎಣಿಸಿದುದಾಗಿ ಮಿಲ್ಲರನು ಮುಂದೆ ಬರೆದಿದ್ದಾನೆ. ಹಿಂದೆ ಹೇಳಿದವರಿಲ್ಲ, ಸರಕಾರಿ ಹವಾ ಇಲಾಖೆಯ ರೂಢಿ ಅದಕ್ಕೆ ವಿರುದ್ಧ, ಹೇಳಿ ತಪ್ಪಿದರೆ ಉದ್ಯೋಗಕ್ಕೇ ಸಂಚಕಾರ. ಸುಮ್ಮನಿದ್ದರೆ ಆಕ್ಷೇಪಣೆಯಿಲ್ಲ, ಏಕೆಂದರೆ ಇದು ಅಸಾಧ್ಯವೆಂದು ನಾಲ್ಕು ದಿನಗಳ ಹಿಂದೆ ದೊಡ್ಡ ಮಂಡಲಿಯೇ ತೀರ್ಮಾನಿಸಿತ್ತು. ಆದರೂ ಜನರಲ್ ಒತ್ತಿ ಕೇಳಿದಾಗ ಅವರು ಒಪ್ಪಿದರು. ಮಧ್ಯಾಹ್ನ 2 ಗಂಟೆ 50 ನಿಮಿಷಕ್ಕೆ ಟಾರ್ನೆಡೋ ಮುನ್ಸೂಚನೆ ನೆಲೆಯ ಕಚೇರಿಗೆ ಹೋಯಿತು.

ಕೂಡಲೆ ಮೊದಲೇ ಗೊತ್ತುಮಾಡಿದ್ದ ಏರ್ಪಾಡು ನಡೆಯಿತು. ವಿಮಾನಗಳನ್ನು ಕೊಟ್ಟಿಗೆಗಳೊಳಕ್ಕೆ ಸೇರಿಸಿದರು, ಬಯಲಿನಲ್ಲಿದ್ದ ಸಾಮಾನುಗಳನ್ನು ಕಟ್ಟಿ ಭದ್ರಪಡಿಸಿದರು, ಬರುತ್ತಿದ್ದ ವಿಮಾನಗಳನ್ನು ಬೇರೆ ಕಡೆಗೆ ತಿರುಗಿಸಿದರು, ಗೋಪುರದಲ್ಲಿದ್ದವರನ್ನು ಕೆಳಗಿಳಿಸಿದರು. ಐದು ಗಂಟೆಯಾಯಿತು. ಮೋಡಗಳ ಸಾಲು ವಿಲ್ ರೋಜರ್ಸ್ ನಿಲ್ದಾಣವನ್ನು ದಾಟಿತು. ಅಲ್ಲಿ ಸಣ್ಣ ಗುಡುಗು, ಚಿಕ್ಕ ಆಲಿಕಲ್ಲು, ಸಾಧಾರಣ ಗಾಳಿ, ಇಷ್ಟೇ. ಮಿಲ್ಲರ್ ಮನಸ್ಸು ಕುಂದಿ ಮನೆಗೆ ಹೋದನು. ಸುಮಾರು ಆರು ಗಂಟೆಗೆ ಟಾರ್ನೆಡೋ ಟಿಂಕರ್ ನೆಲೆಯೊಳಕ್ಕೆ ಇಳಿಯಿತು. ಅವನಿಗೆ ಈ ಸುದ್ದಿ ತಿಳಿದದ್ದು ರೇಡಿಯೋದಿಂದ. ಮೊದಲು ಅದು ಹಿಂದಿನ ಗಾಳಿಯ ಸುದ್ದಿಯೆಂದೇ ಅವನು ಭಾವಿಸಿದ್ದನು. ಆ ದಿನದ ನಷ್ಟ ಸುಮಾರು 60 ಲಕ್ಷ ಡಾಲರು, ಆದರೆ ಪ್ರಾಣಹಾನಿಯಾಗಲಿಲ್ಲ.

ಈ ಕಥೆಯನ್ನು ಕೇಳಿದವರಿಗೆ ಒಂದು ಸಂಶಯ ಬರುವುದು ನ್ಯಾಯವೇ. ಇದು ವಿದ್ಯೆಯೋ, ಅದೃಷ್ಟವೋ? ಇತಿಹಾಸವನ್ನು ಬರೆಯುವವರು ಇಲ್ಲಿ ನಿಷ್ಠುರವಾಗಿರಬೇಕು. ವೃತ್ತಾಂತದ ಬಹುಭಾಗ ನಮಗೆ ದೊರೆತಿರುವುದು ಮಿಲ್ಲರನೇ ಬಹಳ ವರ್ಷಗಳಮೇಲೆ ಬರೆದ ನೆನಪುಗಳಿಂದ; ಗೆದ್ದವನ ನೆನಪಿಗೆ ಸ್ವಲ್ಪ ಬಣ್ಣ ಸೇರುವುದುಂಟು. ಆದರೆ ಎರಡು ಗಾಳಿಗಳೂ ಮುನ್ಸೂಚನೆಯೂ ಸಂದೇಹಾತೀತವಾದ ಸಂಗತಿಗಳು. ಮಧ್ಯ ಒಕ್ಲಹೋಮದಲ್ಲಿ ಆ ಸಂಜೆ ಟಾರ್ನೆಡೋ ಏಳುವ ಸಂಭವ ಹೆಚ್ಚಾಗಿದೆ ಎಂದು ಕಂಡುಹಿಡಿದದ್ದು ವಿದ್ಯೆ. ಅದು ಕೆಲವು ನೂರು ಗಜ ಅಗಲದ ದಾರಿಯಲ್ಲಿ ಬಂದು, ಹೇಳಿದವರಿದ್ದ ಸ್ಥಳಕ್ಕೇ ಬಡಿದದ್ದು ಅದೃಷ್ಟ. ಇಂದಿನ ಉಪಗ್ರಹಗಳನ್ನೂ ಗಣಕಯಂತ್ರಗಳನ್ನೂ ಇಟ್ಟುಕೊಂಡವರೂ ಮೂರು ಗಂಟೆ ಮುಂಚೆ ಇಂಥ ಕಟ್ಟಡಕ್ಕೆ ಟಾರ್ನೆಡೋ ಬಡಿಯುವುದೆಂದು ಹೇಳಲಾರರು.

ಈ ವ್ಯತ್ಯಾಸದಿಂದಲೇ ಮುಂದಿನ ಪದ್ಧತಿ ಹುಟ್ಟಿತು. ಒಂದು ಸ್ಥಳವನ್ನು ಕುರಿತು ಹೇಳುವುದನ್ನು ಬಿಟ್ಟು ಒಂದು ಪ್ರದೇಶವನ್ನು ಕುರಿತು ಹೇಳುವುದೇ ಸರಿಯಾದ ಮಾರ್ಗವೆಂದು ಗೊತ್ತಾಯಿತು. ಸಾವಿರಾರು ಚದರ ಮೈಲಿಗಳ ಒಂದು ಸೀಮೆಯನ್ನು ಗುರುತಿಸಿ, ಇಲ್ಲಿ ಇಂದು ಸಂಜೆ ಎಚ್ಚರದಿಂದಿರಿ ಎನ್ನುವುದು ಒಂದು ಹಂತ. ಗಾಳಿಯೇ ಕಂಡಾಗ ಅಥವಾ ರೇಡಾರ್ ಅದರ ಗುರುತನ್ನು ತೋರಿಸಿದಾಗ, ಈಗಲೇ ಆಶ್ರಯ ಸೇರಿರಿ ಎನ್ನುವುದು ಎರಡನೆಯ ಹಂತ. 1950ರ ಜುಲೈ 12ರಂದು ವೆದರ್ ಬ್ಯೂರೋವಿನ ಮುಖ್ಯಸ್ಥ ರೈಕೆಲ್ಡರ್ಫರ್ ಸುತ್ತೋಲೆ ಹೊರಡಿಸಿ ಟಾರ್ನೆಡೋ ಮುನ್ಸೂಚನೆಗೆ ಇದ್ದ ನಿರ್ಬಂಧವನ್ನು ಸಡಿಲಿಸಿದನು. ಫಾಬುಷ್, ಮಿಲ್ಲರ್ ಇಬ್ಬರೂ ತಮ್ಮ ಕ್ರಮವನ್ನು 1951ರಲ್ಲಿ ಪ್ರಕಟಿಸಿದರು. ಅದೇ ವರ್ಷ ಟಿಂಕರ್ ನೆಲೆಯಲ್ಲಿ ವಿಮಾನಸೇನೆ ಅದಕ್ಕಾಗಿ ಒಂದು ಕೇಂದ್ರವನ್ನು ತೆರೆಯಿತು. 1952ರ ಮಾರ್ಚಿಯಲ್ಲಿ ವೆದರ್ ಬ್ಯೂರೋ ಸಾರ್ವಜನಿಕರಿಗೆ ನೇರವಾಗಿ ಟಾರ್ನೆಡೋ ಮುನ್ಸೂಚನೆ ಕೊಡತೊಡಗಿತು. ಆ ಕಾರ್ಯ 1954ರಲ್ಲಿ ಕಾನ್ಸಾಸ್ ಸಿಟಿಗೂ 1997ರಲ್ಲಿ ಒಕ್ಲಹೋಮದ ನಾರ್ಮನ್ ನಗರಕ್ಕೂ ಬಂದಿತು. ಟಿಂಕರ್ ನೆಲೆಗೆ ಅದು ಹೆಚ್ಚು ದೂರವಲ್ಲ. ಜನರು ಗಾಬರಿಯಿಂದ ಓಡಿ ಸಾಯುವರೆಂದು ಅರವತ್ತು ವರ್ಷ ಹೇಳುತ್ತಿದ್ದ ಕಾರಣ ಅನುಭವದಲ್ಲಿ ನಿಲ್ಲಲಿಲ್ಲ. ಹೆಸರು ಕೇಳಿದ ಜನ ನೆಲಮಾಳಿಗೆಗೆ ಇಳಿದರು. ಗಾಳಿ ಹೋದಮೇಲೆ ಮೇಲಕ್ಕೆ ಬಂದರು.

ಆದರೂ ಮೊದಲಿನ ಪ್ರಶ್ನೆ ತೀರಿತೆಂದು ಹೇಳುವಂತಿಲ್ಲ. ಇಂದು ಆ ದೇಶದಲ್ಲಿ ಹೊರಡುವ ಟಾರ್ನೆಡೋ ಎಚ್ಚರಿಕೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಸುಳ್ಳಾಗುತ್ತವೆ. ಫಿನ್ಲಿಯ ನೂರು ಮಾತುಗಳಲ್ಲಿ 72 ತಪ್ಪಿದ್ದನ್ನು ನೆನೆದರೆ, ನೂರಮೂವತ್ತು ವರ್ಷಗಳಾದಮೇಲೂ ಈ ಒಂದು ಅಂಶದಲ್ಲಿ ಹೆಚ್ಚು ದೂರ ಬಂದಿಲ್ಲವೆನಿಸುತ್ತದೆ. ಆದರೆ ಫಿನ್ಲಿ ಒಂದು ವಿಶಾಲ ವಿಭಾಗಕ್ಕೆ ಹೇಳುತ್ತಿದ್ದುದನ್ನು ಈಗ ಒಂದು ಸಣ್ಣ ತಾಲ್ಲೂಕಿನಷ್ಟು ಪ್ರದೇಶಕ್ಕೆ ಹೇಳುತ್ತಾರೆ ಎಂಬುದನ್ನು ಮರೆಯಬಾರದು. ಸುಳ್ಳು ಎಚ್ಚರಿಕೆಗೂ ಬೆಲೆಯುಂಟು. 2011ರ ಮೇ 22ರಂದು ಮಿಸೂರಿಯ ಜಾಪ್ಲಿನ್ ನಗರದಲ್ಲಿ ಸುಮಾರು 160 ಮಂದಿ ಸತ್ತರು. ಎಚ್ಚರಿಕೆ ಮೊದಲೇ ಹೊರಟಿತ್ತು, ಕೂಗುಯಂತ್ರಗಳೂ ಕೂಗಿದ್ದವು. ಆದರೆ ಅವು ಹಿಂದೆ ಎಷ್ಟೋ ಸಲ ವೃಥಾ ಕೂಗಿದ್ದನ್ನು ಕೇಳಿ ರೂಢಿಯಾಗಿದ್ದ ಅನೇಕರು ಕೂಡಲೆ ಏಳಲಿಲ್ಲವೆಂದು ವಿಚಾರಣೆಯಲ್ಲಿ ಹೊರಬಿದ್ದಿತು. ಮಾತನಾಡುವವನು ಮಾತಿನ ಬೆಲೆಯನ್ನು ಉಳಿಸಿಕೊಳ್ಳಬೇಕು. ಕೇಳುವವನು ತಪ್ಪುವ ಮಾತನ್ನೂ ಕೇಳಲು ಕಲಿಯಬೇಕು. ಎರಡೂ ಇಲ್ಲದಿದ್ದರೆ ಯಂತ್ರಗಳು ನಿಷ್ಫಲ.

ನಮ್ಮ ದೇಶದ ಅನುಭವವೂ ಇದನ್ನೇ ಸಾರುತ್ತದೆ. 1864ರ ಅಕ್ಟೋಬರ್ 5ರಂದು ಕಲಕತ್ತೆಗೆ ಬಡಿದ ಚಂಡಮಾರುತದಲ್ಲಿ ಅಸಂಖ್ಯಾತ ಜನ ಸತ್ತಮೇಲೆ ರೇವುಗಳಿಗೆ ಎಚ್ಚರಿಕೆ ಕೊಡುವ ಏರ್ಪಾಡಾಯಿತು. 1875ರಲ್ಲಿ ಬ್ಲಾನ್‌ಫರ್ಡ್ ಎಂಬ ವಿದ್ವಾಂಸನ ಆಡಳಿತದಲ್ಲಿ ಇಂಡಿಯಾ ಹವಾ ಇಲಾಖೆ ಸ್ಥಾಪಿತವಾಯಿತು. 1999ರಲ್ಲಿ ಒಡಿಶಾ ಕರಾವಳಿಗೆ ಬಂದ ಮಹಾಚಂಡಮಾರುತದಲ್ಲಿ ಸುಮಾರು 10,000 ಜನ ಮಡಿದರು. 2013ರ ಅಕ್ಟೋಬರಿನಲ್ಲಿ ಅದೇ ಕರಾವಳಿಗೆ ಫೈಲಿನ್ ಎಂಬ ಬಲವಾದ ಚಂಡಮಾರುತ ಬಂದಾಗ ಸತ್ತವರು ಕೆಲವು ಹತ್ತುಗಳೊಳಗೆ ಮಾತ್ರ. ಗಾಳಿ ಮೃದುವಾಗಿತ್ತೆಂದು ಈ ಅಂತರ ಬರಲಿಲ್ಲ. ಮುಂದಾಗಿ ಹೇಳಿದರು, ಹೇಳಿದ ಮಾತು ಹಳ್ಳಿಯವರೆಗೆ ಮುಟ್ಟಿತು, ಸುಮಾರು ಹತ್ತು ಲಕ್ಷ ಜನ ಮನೆ ಬಿಟ್ಟು ಆಶ್ರಯಗಳಿಗೆ ಹೋದರು.

1948ರ ಆ ವಾರದಲ್ಲಿ ಫಾಬುಷ್ ಮಿಲ್ಲರರಿಗೆ ಗಾಳಿಯ ರಹಸ್ಯವೆಲ್ಲಾ ತಿಳಿದುಬಿಡಲಿಲ್ಲ. ಇಂದಿಗೂ ಅದು ಪೂರ್ತಿಯಾಗಿ ತಿಳಿದಿಲ್ಲ. ತಿಳಿದಷ್ಟನ್ನು ತಿಳಿದಷ್ಟೇ ಎಂದು ಹೇಳಬಹುದು, ಹೇಳಬೇಕು ಎಂಬುದು ಮಾತ್ರ ಅಂದು ಸಿದ್ಧವಾಯಿತು. ಅಸಾಧ್ಯವೆಂಬ ತೀರ್ಪಿನ ಮರೆಯಲ್ಲಿ ನಿಲ್ಲದೆ ಪ್ರಶ್ನೆ ಕೇಳಿದ ಒಬ್ಬ ಅಧಿಕಾರಿ, ಸಂಶಯವಿದ್ದರೂ ಸಹಿ ಹಾಕಿದ ಇಬ್ಬರು ನೌಕರರು, ಮಾತನ್ನು ನಂಬಿ ವಿಮಾನಗಳನ್ನು ಒಳಗೆ ತಳ್ಳಿದ ಹೆಸರಿಲ್ಲದ ನೂರಾರು ಕೆಲಸಗಾರರು: ಇವರೆಲ್ಲರೂ ಸೇರಿ ಆ ಮುನ್ಸೂಚನೆ ಸಾರ್ಥಕವಾಯಿತು. ಈ ವರ್ಷದ ಮುಂಗಾರಿಗೆ ಮುಂಚಿನ ಯಾವುದೋ ಸಂಜೆ ಗುಡುಗು ಸಿಡಿಲುಗಳ ಎಚ್ಚರಿಕೆಯನ್ನು ಕೇಳಿ, ಆಕಾಶ ತಿಳಿಯಾಗಿಯೇ ಉಳಿದರೆ ನಾವು ನಗಬಹುದು; ನಕ್ಕಮೇಲೆಯೂ ಮುಂದಿನ ಎಚ್ಚರಿಕೆಯನ್ನು ಅಷ್ಟೇ ಗಮನದಿಂದ ಕೇಳುವುದು ನಮ್ಮ ಕರ್ತವ್ಯ.